ಗೇಣಕ್ಕನಿಗೆ ಸಿಗದ ಡೆಕ್ಕು

ನನ್ನ ನಾದಿನಿಯನ್ನು ಊರೆಲ್ಲ ಗೇಣಕ್ಕ ಎಂದೇ ಕರೆಯುತ್ತದೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಆದರೆ ಅದು ಈಗ ಮತದಾರರ ಪಟ್ಟಿಗೆ ಮಾತ್ರ ಉಪಯೋಗ. ಅವಳ ಕಸುಬು ಡೆಕ್ಕು ತೊಳೆಯುವುದು. ಮನೆಯ ಹಿಂದೆ, ಮೇಲೆ ಸೂರಿಲ್ಲದೆ, ಮರದ ಹಲಗೆಗಳನ್ನು ಸಣ್ಣ ಸಂದು ಬಿಟ್ಟು ಸಾಲಾಗಿ ಹಾಸಿದ ಜಗಲಿಯನ್ನು ಈಗ ಎಲ್ಲರೂ ಡೆಕ್ಕು ಅನ್ನುತ್ತಾರಲ್ಲ, ಅದು. ಬಿಸಿಲಿಗೆ ಬೆಂದು, ಮಳೆಗೆ ನೆಂದು, ಎರಡೇ ವರ್ಷಕ್ಕೆ ಅದು ಪಾಚಿಗಟ್ಟುತ್ತದೆ. ಮನೆಯವರು ಮೊದಲು ಪೊರಕೆ ಹಾಕುತ್ತಾರೆ, ಆಮೇಲೆ ಬ್ರಶ್ಶು ಹಾಕುತ್ತಾರೆ, ಆಮೇಲೆ ಒಬ್ಬರ ಮೇಲೊಬ್ಬರು ತಪ್ಪು ಹಾಕುತ್ತಾರೆ, ಕೊನೆಗೆ ಗೇಣಕ್ಕನಿಗೆ ಫೋನು ಹಾಕುತ್ತಾರೆ.

ಅವಳು ಕೆಲಸಕ್ಕೆ ಬರುವುದನ್ನು ನೋಡುವುದೇ ಒಂದು ಚಂದ. ಹಳೇ ಬಿಳಿ ವ್ಯಾನು, ಮೊಣಕಾಲುದ್ದದ ಹಳದಿ ಗಮ್ ಬೂಟು, ತಲೆಗೆ ಬಿಗಿದ ವಸ್ತ್ರ, ಕನ್ನಡಕದ ಮೇಲೊಂದು ಕನ್ನಡಕ. ವಯಸ್ಸು ಐವತ್ತನಾಲ್ಕು. ಎತ್ತರ ಹೇಳಬೇಕೆಂದರೆ, ವ್ಯಾನು ಓಡಿಸುವಾಗ ಹಿಂದಿನಿಂದ ನೋಡಿದವರಿಗೆ ವ್ಯಾನು ತಾನಾಗಿಯೇ ಹೋಗುತ್ತಿದೆ ಅನ್ನಿಸುತ್ತದೆ. ಯಂತ್ರ ಇಳಿಸಲು ಯಾರಾದರೂ ಕೈ ಜೋಡಿಸಿದರೆ ಆ ಕೈಯನ್ನು ಮೆಲ್ಲಗೆ ತೆಗೆದು ಪಕ್ಕಕ್ಕೆ ಸರಿಸುತ್ತಾಳೆ. ಪ್ರೆಶರ್ ವಾಷರ್ ಎಂಬ ಆ ಯಂತ್ರವನ್ನು ಅವಳು ಬಿಟ್ಟು ಇನ್ನೊಬ್ಬರು ಮುಟ್ಟುವಂತಿಲ್ಲ. ಈ ನಿಯಮ ಯಾಕೆ ಬಂತು ಅನ್ನುವುದು ನನಗೆ ಗೊತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ.

ಯಂತ್ರದ ಗನ್ನಿನ ತುದಿಗೆ ಬೇರೆ ಬೇರೆ ಬಣ್ಣದ ಮೂತಿಗಳನ್ನು ಸಿಕ್ಕಿಸಬಹುದು. ಕೆಂಪು ಮೂತಿ ಹಾಕಿದರೆ ನೀರು ಸೂಜಿಯ ಹಾಗೆ ನೆಟ್ಟಗೆ ಹೊರಡುತ್ತದೆ. ಕಲ್ಲಿಗೆ, ಕಬ್ಬಿಣಕ್ಕೆ ಅದು ಸರಿ, ಮರಕ್ಕೆ ಮಾತ್ರ ಯಮ. ಬಿಳಿ ಮೂತಿ ನೀರನ್ನು ಬೀಸಣಿಗೆಯಷ್ಟು ಅಗಲಿಸುತ್ತದೆ, ಮರಕ್ಕೆ ಅದೇ. ಅದನ್ನೂ ಹಲಗೆಯಿಂದ ಒಂದು ಗೇಣು ದೂರ ಹಿಡಿಯಬೇಕು. ಹತ್ತಿರ ಹಿಡಿದರೆ ಮರದ ನಾರು ಸಿಬಿರೆದ್ದು ಹಲಗೆ ಬೆಕ್ಕಿನ ಮೈಯಾಗುತ್ತದೆ, ದೂರ ಹಿಡಿದರೆ ಪಾಚಿಗೆ ಸ್ನಾನ ಮಾಡಿಸಿದಂತಾಗುತ್ತದೆ ಅಷ್ಟೇ. ಪ್ರತಿ ಮನೆಯಲ್ಲೂ ಕೆಲಸ ಶುರುವಾಗುವ ಮೊದಲು ಅವಳು ಹೆಬ್ಬೆರಳು ಕಿರುಬೆರಳು ಅಗಲಿಸಿ ಮೂತಿಗೂ ಹಲಗೆಗೂ ನಡುವೆ ಹಿಡಿದು, "ಒಂದು ಗೇಣು" ಎಂದು ತನಗೇ ಹೇಳಿಕೊಳ್ಳುತ್ತಾಳೆ. ಹೆಸರು ಬಂದದ್ದು ಅದರಿಂದ.

ಇನ್ನೊಂದು ಅಭ್ಯಾಸವಿದೆ. ಡೆಕ್ಕನ್ನೆಲ್ಲ ತೊಳೆದು ಮುಗಿಸಿದರೂ ಒಂದು ಹಲಗೆಯನ್ನು ಕೊಳಕಾಗಿಯೇ ಬಿಟ್ಟಿರುತ್ತಾಳೆ. ಅದರ ಹೆಸರು ಸಾಕ್ಷಿ ಹಲಗೆ. ಮನೆಯವರು ಬಂದು ನೋಡಿ, ಹೌದು, ಇಷ್ಟು ಕಪ್ಪಿತ್ತು ಎಂದು ಬಾಯಿಬಿಟ್ಟು ಒಪ್ಪಿಕೊಂಡ ಮೇಲೆಯೇ ಅದಕ್ಕೆ ನೀರು. ಯಾಕೆಂದರೆ ತೊಳೆದ ಅರ್ಧ ಗಂಟೆಗೆ ಜನ, ಅಷ್ಟೇನೂ ಕೊಳೆಯಾಗಿರಲಿಲ್ಲ ಬಿಡಿ, ಅನ್ನಲು ಶುರು ಮಾಡುತ್ತಾರಂತೆ. ತಮ್ಮ ಮನೆಯ ಕೊಳೆ ಮರೆಯುವಷ್ಟು ಬೇಗ ಜನ ಬೇರೆ ಯಾವುದನ್ನೂ ಮರೆಯುವುದಿಲ್ಲ ಅನ್ನುವುದು ಅವಳ ಅನುಭವ.

ಹೀಗೆ ಊರಿನ ಡೆಕ್ಕುಗಳನ್ನೆಲ್ಲ ಬೆಳಗುವ ಈ ಮಹರಾಯ್ತಿಯ ಸ್ವಂತ ಅಕ್ಕನ ಮನೆಯ ಡೆಕ್ಕು ಊರಿಗೇ ಕಪ್ಪು. ಅಕ್ಕ ಅಂದರೆ ನನ್ನ ಹೆಂಡತಿ. ದೀಪದ ಬುಡದಲ್ಲಿ ಕತ್ತಲು ಎಂದು ಜನ ನಗುತ್ತಿದ್ದರು. ಆ ಕತ್ತಲಿಗೆ ಕಾರಣ ನಾನು.

ನಾನು ಮೂವತ್ತೆರಡು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವನು. ಬೇರೆಯವರ ತಪ್ಪು ಹುಡುಕುವುದೇ ನನ್ನ ಸಂಬಳದ ಕೆಲಸ. ಹೋಟೆಲಿನ ಪಟ್ಟಿ, ಬಸ್ಸಿನ ಬೋರ್ಡು, ನೆಂಟರ ಪತ್ರ, ಯಾವುದನ್ನೂ ಬಿಟ್ಟವನಲ್ಲ. ಅಂಥವನು ನನ್ನದೇ ಒಂದು ತಪ್ಪನ್ನು ಹನ್ನೊಂದು ವರ್ಷ ಕಾಲೊರಸಿನ ಕೆಳಗೆ ಮುಚ್ಚಿಟ್ಟುಕೊಂಡಿದ್ದೆ.

ನಾವಿರುವುದು ಮಾವನವರ ಮನೆ. ಅತ್ತೆ ತೀರಿಕೊಂಡ ಮೇಲೆ ಮಾವನವರನ್ನು ನೋಡಿಕೊಳ್ಳಲೆಂದು ಬಂದೆವು, ಹಾಗೇ ಉಳಿದೆವು. ಮನೆ ಅಳಿಯ ಎಂದು ಯಾರೂ ನನ್ನ ಮುಖಕ್ಕೆ ಹೇಳಲಿಲ್ಲ, ಬೆನ್ನಿಗೆ ಸಾಕಷ್ಟು ಹೇಳಿದರು. ಮಾವನವರು ಬಡಗಿ. ಸಾಮಾನ್ಯ ಬಡಗಿಯಲ್ಲ, ಬಾಗಿಲು ಮುಚ್ಚುವ ಸದ್ದು ಕೇಳಿಯೇ ಅದು ಎಷ್ಟು ನೂಲು ಇಳಿದಿದೆ ಎಂದು ಹೇಳುವವರು. "ನನ್ನ ಕೈಯಲ್ಲಿ ಕೆಟ್ಟ ಹಲಗೆ ಅಂತ ಒಂದೂ ಇಲ್ಲ," ಅನ್ನುವುದು ಅವರ ದಿನದ ಮಾತು. ಕೆಟ್ಟ ಹಲಗೆ ಒಲೆಗೆ ಹೋಗಿದ್ದನ್ನು ಯಾರೂ ನೋಡಿರಲಿಲ್ಲ, ಆದ್ದರಿಂದ ಎಲ್ಲರೂ ನಂಬಿದ್ದರು. ನನ್ನ ಹೆಂಡತಿಯಂತೂ ಅಪ್ಪನ ಕೈ ದೇವರ ಕೈ ಎಂದೇ ತಿಳಿದವಳು. ನನ್ನ ಕೈಯ ಬಗ್ಗೆ ಅವರಿಗೆ ಬೇರೆ ಅಭಿಪ್ರಾಯವಿತ್ತು. ಒಮ್ಮೆ ನಾನು ಗೋಡೆಗೆ ಮೊಳೆ ಹೊಡೆಯುವುದನ್ನು ನೋಡಿ, ಬಂದ ನೆಂಟರೆದುರೇ, "ಇವರ ಕೈಗೆ ಪೆನ್ನಿಗಿಂತ ಭಾರದ್ದು ಕೊಡಬೇಡಿ," ಅಂದಿದ್ದರು. ನೆಂಟರು ನಕ್ಕರು. ನಾನೂ ನಕ್ಕೆ. ನಗದೆ ಬೇರೆ ದಾರಿ ಇರಲಿಲ್ಲ.

ನಮ್ಮ ಮನೆಯ ಹಿಂದಿನ ಡೆಕ್ಕು ಅವರ ಕೊನೆಯ ಕೆಲಸ. ನಲವತ್ತೊಂದು ಹಲಗೆ, ಒಂದೊಂದನ್ನೂ ತಾವೇ ಆರಿಸಿ, ಕೊಯ್ದು, ಸ್ಕ್ರೂ ಹಾಕಿ ಕೂರಿಸಿದ್ದು. ಅದು ಮುಗಿದ ಎರಡು ವರ್ಷಕ್ಕೆ ಅವರು ಹೋದರು.

ಅವರು ಹೋದ ಮೂರನೇ ತಿಂಗಳು ನಾದಿನಿ ಆಸ್ಪತ್ರೆಯ ಕೆಲಸ ಬಿಟ್ಟಳು. ಹದಿನೆಂಟು ವರ್ಷ ಅಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದವಳು. ಕಿಟಕಿ ಇಲ್ಲದ ನೆಲಮಾಳಿಗೆ, ಬಿಸಿ ಹಬೆ, ಕೊನೆಯಿಲ್ಲದ ಬಿಳಿ ಹಾಸಿಗೆ ವಸ್ತ್ರ. ಒಂದು ದಿನ ಯಾರೋ ಮಾರುತ್ತಿದ್ದ ಈ ಹಳೇ ಯಂತ್ರವನ್ನು ಕೊಂಡು, ತೊಳೆಯುವುದೇ ಹಣೆಬರಹವಾದರೆ ಆಕಾಶದ ಕೆಳಗೆ ನಿಂತು ತೊಳೆಯುತ್ತೇನೆ ಅಂದಳು. ಮೊದಲ ಡೆಕ್ಕು ಅಪ್ಪನದೇ ಆಗಲಿ ಎಂದು ನಮ್ಮ ಮನೆಗೆ ತಂದಳು. ಅವಳ ಅಕ್ಕನಿಗೂ ಖುಷಿಯೇ.

ಅವತ್ತು ಮಧ್ಯಾಹ್ನದ ಹೊತ್ತಿಗೆ ಅರ್ಧ ಡೆಕ್ಕು ಮುಗಿದಿತ್ತು. ನನ್ನ ಹೆಂಡತಿ, ಮನೆಯಲ್ಲೇ ಬಟ್ಟೆ ಹೊಲಿಯುವವಳು, ತಂಗಿಗೆ ಊಟ ಬಡಿಸಿಟ್ಟು ದಾರ ತರಲು ಮೂಲೆ ಅಂಗಡಿಗೆ ಹೋದಳು. ನಾದಿನಿ ಒಳಗೆ ಊಟಕ್ಕೆ ಕುಳಿತಳು. ನಾನು ಹೊರಗೆ ಬಂದೆ. ಯಂತ್ರ ಇತ್ತು, ಗನ್ನು ಇತ್ತು, ಸುತ್ತಮುತ್ತ ಯಾರೂ ಇರಲಿಲ್ಲ. ಪೆನ್ನಿಗಿಂತ ಭಾರದ್ದನ್ನು ಎತ್ತಿ ನೋಡೋಣ ಅನ್ನಿಸಿತು. ಬಿಳಿ ಮೂತಿಯ ಕೆಲಸ ನೋಡಿದ್ದೆ, ಕೆಂಪಿನದು ನೋಡಿರಲಿಲ್ಲ. ಕೆಂಪನ್ನು ಸಿಕ್ಕಿಸಿದೆ, ಹಲಗೆಯ ಹತ್ತಿರ ಹಿಡಿದೆ, ಒತ್ತಿದೆ. ಮಂಗನ ಕೈಗೆ ಮಾಣಿಕ್ಯ ಕೊಟ್ಟರೆ ಏನಾಗುತ್ತದೋ ಅದೇ ಆಯಿತು. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ, ಬಾಗಿಲ ಎದುರಿನ ಹಲಗೆಯ ನಟ್ಟನಡುವೆ ಮೊಳದುದ್ದ, ಕಿರುಬೆರಳು ಕೂರುವಷ್ಟು ಆಳದ ಗೆರೆ ಬಿತ್ತು.

ಸದ್ದಿಗೆ ನಾದಿನಿ ಊಟ ಬಿಟ್ಟು ಎಂಜಲು ಕೈಯಲ್ಲೇ ಓಡಿ ಬಂದಳು. ಗೆರೆ ನೋಡಿದಳು, ನನ್ನ ಮುಖ ನೋಡಿದಳು. ಪಕ್ಕದ ಗೇಟು ಕಿರ್ ಅಂದಿತು, ಹೆಂಡತಿ ಬಂದಳು ಎಂದು ಗೊತ್ತಾಯಿತು. ಅಷ್ಟರಲ್ಲಿ ನನ್ನ ನಾದಿನಿ ಗನ್ನನ್ನು ನನ್ನ ಕೈಯಿಂದ ತೆಗೆದುಕೊಂಡಿದ್ದಳು.

"ಕೈ ಜಾರಿತು ಅಕ್ಕ," ಅಂದಳು.

ನನ್ನ ಹೆಂಡತಿ ಆ ಗೆರೆಯ ಪಕ್ಕದಲ್ಲಿ ಕುಳಿತು ಬಹಳ ಹೊತ್ತು ಅದರ ಮೇಲೆ ಬೆರಳಾಡಿಸಿದಳು. ಅಪ್ಪ ಹೋಗಿ ಮೂರೇ ತಿಂಗಳು. ಕೂಗಾಡಿದ್ದರೆ ಚೆನ್ನಾಗಿತ್ತು. ಇನ್ನು ಮೇಲೆ ಅಪ್ಪನ ಹಲಗೆ ಮುಟ್ಟಬೇಡ ಎಂದಷ್ಟೇ ಮೆಲ್ಲಗೆ ಹೇಳಿ ಎದ್ದಳು. ನಾನು ಆಗಲೇ ಬಾಯಿ ಬಿಡಬೇಕಿತ್ತು. ನಾದಿನಿ ಯಂತ್ರವನ್ನು ವ್ಯಾನಿಗೆ ಏರಿಸಿ ಹೊರಟಳು, ಹೆಂಡತಿ ನಾರಿನ ಕಾಲೊರಸೊಂದನ್ನು ತಂದು ಗೆರೆಯ ಮೇಲೆ ಹಾಕಿದಳು, ನಾನು ಅದರ ಅಂಚನ್ನು ನೇರ ಮಾಡಿದೆ. ನನ್ನ ಪಾಲಿನ ಸಹಾಯ ಅಷ್ಟೇ.

ಮರುದಿನ ನಾದಿನಿಯನ್ನು ಹಿಡಿದು, ಹೀಗ್ಯಾಕೆ ಮಾಡಿದೆ ಎಂದು ಕೇಳಿದೆ. ಅವಳು ನಕ್ಕಳು. ತನ್ನ ಮೇಲಾದರೆ ಅಕ್ಕ ಎರಡು ದಿನ ಮುನಿಸಿಕೊಂಡು ಸುಮ್ಮನಾಗುತ್ತಾಳೆ, ನನ್ನ ಮೇಲಾದರೆ ಊಟಕ್ಕೆ ಕೂತಾಗಲೆಲ್ಲ ನೆನಪಾಗುತ್ತದೆ, ಅಪ್ಪ ಆಡಿದ ಮಾತೂ ನೆನಪಾಗುತ್ತದೆ, ಬೇಡ ಭಾವ, ಬಿಡಿ ಅಂದಳು. ಎರಡು ದಿನದ ಲೆಕ್ಕ ಹನ್ನೊಂದು ವರ್ಷವಾಗುತ್ತದೆಂದು ಅವಳಿಗೂ ಗೊತ್ತಿರಲಿಲ್ಲ. ಮಾತು ಬಿಡುವ ಜಗಳವಾಗಿದ್ದರೆ ಯಾರಾದರೂ ರಾಜಿ ಮಾಡಿಸುತ್ತಿದ್ದರು. ಅಕ್ಕತಂಗಿಯರು ಮಾತಾಡುತ್ತಿದ್ದರು, ಬರುತ್ತಿದ್ದರು, ಹೋಗುತ್ತಿದ್ದರು. ನಾದಿನಿ ಮಾತ್ರ ಅಡುಗೆಮನೆಯ ಸ್ಟೂಲಿನಿಂದ ಆಚೆಗೆ ಹೋಗುತ್ತಿರಲಿಲ್ಲ. ಹಿಂಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಎದ್ದು ಹೋಗುವಾಗ ಒಂದೇ ಒಂದು ಸಲ ತಿರುಗಿ ಕಿಟಕಿಯಾಚೆ ನೋಡುತ್ತಿದ್ದಳು. ಆ ನೋಟ ನನಗೆ ನುಂಗಲಾರದ ತುತ್ತಾಗಿತ್ತು.

ಹೇಳಲು ಪ್ರಯತ್ನಪಡಲಿಲ್ಲ ಎಂದಲ್ಲ. ಹೆಂಡತಿ ಒಳ್ಳೆಯ ಮನಸ್ಸಿನಲ್ಲಿದ್ದಾಗ, ಯಾಕೆ ಕೆಡಿಸುವುದು ಅನ್ನಿಸುತ್ತಿತ್ತು. ಸಿಟ್ಟಿನಲ್ಲಿದ್ದಾಗ, ಈಗ ಬೇಡ ಅನ್ನಿಸುತ್ತಿತ್ತು. ಒಮ್ಮೆ ಕಾಗದದಲ್ಲಿ ಬರೆದೆ. ಬರೆದದ್ದನ್ನು ತಿದ್ದಿದೆ, ಮತ್ತೆ ತಿದ್ದಿದೆ. ತಿದ್ದಿ ತಿದ್ದಿ ಕೊನೆಗೆ ಅದರಲ್ಲಿ ನನ್ನ ತಪ್ಪೇ ಉಳಿಯಲಿಲ್ಲ. ಹರಿದು ಹಾಕಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಮನೆಗೆ ಬಂದವರು ಯಾರು ಆ ಕಾಲೊರಸಿನ ಮೇಲೆ ಕಾಲಿಟ್ಟರೂ ನಾನು ಎದ್ದು ಹೋಗಿ ಅದರ ಅಂಚನ್ನು ನೇರ ಮಾಡುತ್ತಿದ್ದೆ. ತೊಳೆಯುವವರಿಲ್ಲದೆ ಡೆಕ್ಕು ಕಪ್ಪಾಗುತ್ತ ಹೋಯಿತು. ಬೇರೆಯವರನ್ನು ಕರೆಸೋಣವೇ ಎಂದರೆ, ನನ್ನ ತಂಗಿಯೇ ಕೆಡಿಸಿದ ಮೇಲೆ ಇನ್ನೊಬ್ಬರನ್ನು ಏನು ನಂಬುವುದು ಅನ್ನುತ್ತಿದ್ದಳು ನನ್ನ ಹೆಂಡತಿ.

ಕಳೆದ ತಿಂಗಳು ಒಂದು ಗುರುವಾರ ಅವಳು ಒಗೆದ ಬಟ್ಟೆ ಹರವಲು ಹೋಗಿ ಪಾಚಿಯ ಮೇಲೆ ಜಾರಿದಳು. ಮೂಳೆ ಮುರಿಯಲಿಲ್ಲ, ಮೊಣಕೈ ತರಚಿತು, ಬಕೆಟ್ಟು ಒಡೆಯಿತು. ಆದರೆ ಎದ್ದವಳು ತೀರ್ಮಾನ ಮಾಡಿಯೇ ಎದ್ದಿದ್ದಳು. ಸಂಜೆಯೊಳಗೆ ಮೇಸ್ತ್ರಿಗೆ ಫೋನು ಹೋಯಿತು. ಸೋಮವಾರ ಅವನು ಬಂದು ಅಳತೆ ತೆಗೆದುಕೊಳ್ಳುವುದು, ಮಂಗಳವಾರ ಹಲಗೆ ಕಿತ್ತು ಲಾರಿಗೆ ಹಾಕುವುದು, ಆಮೇಲೆ ಸಿಮೆಂಟು, ಟೈಲ್ಸು.

ಶನಿವಾರ ನಾದಿನಿ ಬಂದಳು. ಹನ್ನೊಂದು ವರ್ಷದಲ್ಲಿ ಅಕ್ಕನ ಹತ್ತಿರ ಏನನ್ನೂ ಕೇಳದವಳು ಅವತ್ತು ಸ್ಟೂಲಿನ ಮೇಲೆ ಕೂರದೆ ನಿಂತೇ ಕೇಳಿದಳು.

"ಅಕ್ಕ, ಮೇಸ್ತ್ರಿಗೆ ಒಂದೆರಡು ದಿನ ತಡಿ ಅನ್ನು. ನಂಗೆ ಒಂದು ದಿನ ಕೊಡು. ಹಲಗೆ ಗಟ್ಟಿಯಾಗೇ ಇದೆ, ಮೇಲಿರೋದು ಬರೀ ಕೊಳೆ."

"ಒಂದು ದಿನ ಕೊಟ್ಟಿದ್ದೆನಲ್ಲ," ಅಂದಳು ನನ್ನ ಹೆಂಡತಿ, ಹೊಲಿಗೆಯಿಂದ ತಲೆಯೆತ್ತದೆ.

"ಆಗ ಹೊಸದು. ಈಗ ಕೆಲಸ ಬರತ್ತೆ ನಂಗೆ."

"ಬರತ್ತೆ ಅಂತ ಊರೆಲ್ಲ ಹೇಳತ್ತೆ. ಅಪ್ಪನ ಹಲಗೆ ಮೇಲೆ ಕಲಿತೆಯಲ್ಲ, ಅಷ್ಟು ಸಾಕು."

ನಾನು ಅಲ್ಲೇ ಇದ್ದೆ, ಕೈಯಲ್ಲಿ ಟೀ ಲೋಟ ಹಿಡಿದು. ನಾದಿನಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು. ಸರಿ ಅಕ್ಕ ಎಂದು ಹೊರಟಳು. ಕಳಿಸಿಕೊಡಲು ವ್ಯಾನಿನವರೆಗೆ ಹೋದೆ. ಸ್ಟೇರಿಂಗ್ ಹಿಂದೆ ಕುಳಿತಳು. ಅವಳ ಕಣ್ಣು ಒದ್ದೆಯಾಗಿತ್ತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ.

"ಭಾವ, ಅವತ್ತೂ ನಿಮ್ಮನ್ನ ಏನೂ ಕೇಳಲಿಲ್ಲ, ಇವತ್ತೂ ಕೇಳಲ್ಲ. ಆದ್ರೆ ಆ ಹಲಗೆ ಲಾರಿ ಹತ್ತಿದ ಮೇಲೆ ನೀವು ನಿಜ ಹೇಳಿದ್ರೂ ಅದರಿಂದ ಯಾರಿಗೂ ಉಪಯೋಗ ಇಲ್ಲ."

ವ್ಯಾನು ತಿರುವಿನಲ್ಲಿ ಮರೆಯಾಯಿತು. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಮಾವನವರು ನನ್ನ ಕೈಯ ಬಗ್ಗೆ ಹೇಳಿದ್ದು ಸರಿಯೋ ತಪ್ಪೋ ಬೇರೆ ಮಾತು, ಬಾಯಿಯ ಬಗ್ಗೆ ಅವರು ಏನೂ ಹೇಳಿರಲಿಲ್ಲ. ಅದನ್ನು ಕೆಡಿಸಿಕೊಂಡದ್ದು ನಾನೇ.

ಭಾನುವಾರ ಬೆಳಿಗ್ಗೆ ಹೆಂಡತಿ ಟೀ ಹಿಡಿದು ಹಿಂಬಾಗಿಲಲ್ಲಿ ನಿಂತಿದ್ದಾಗ ನಾನು ಹೋಗಿ ಕಾಲೊರಸನ್ನು ಎತ್ತಿ ಪಕ್ಕಕ್ಕೆ ಹಾಕಿದೆ. ಹನ್ನೊಂದು ವರ್ಷದಲ್ಲಿ ಅದರ ಕೆಳಗಿನ ಚೌಕ ಮಾತ್ರ ಮರದ ಬಣ್ಣದಲ್ಲಿತ್ತು, ಅದರ ನಡುವೆ ಗೆರೆ.

"ಇದನ್ನ ಮಾಡಿದ್ದು ನಾನು," ಅಂದೆ. "ಕೆಂಪು ಮೂತಿ ಹಾಕಿದ್ದೂ ನಾನೇ, ಒತ್ತಿದ್ದೂ ನಾನೇ. ನೀನು ಬರೋ ಹೊತ್ತಿಗೆ ಅವಳು ನನ್ನ ಕೈಯಿಂದ ತಗೊಂಡಿದ್ಲು, ಅಷ್ಟೇ."

ಅವಳು ಟೀ ಲೋಟವನ್ನು ಹೊಸ್ತಿಲ ಮೇಲೆ ಇಟ್ಟಳು.

"ಅವಳೆಲ್ಲಿದ್ಲು ಆಗ?"

"ಒಳಗೆ. ಊಟ ಮಾಡ್ತಿದ್ಲು."

ಅವಳು ತಿರುಗಿ ಅಡುಗೆಮನೆಯ ಕಡೆ ನೋಡಿದಳು. ಆಮೇಲೆ ಹೇಳಿದ ಮಾತು ನಾನು ನೆನೆಸಿದ್ದೇ ಅಲ್ಲ.

"ಅವತ್ತು ತಟ್ಟೆಯಲ್ಲಿ ಅರ್ಧ ಊಟ ಹಾಗೇ ಇತ್ತು. ಮಾಡೋದನ್ನೂ ಮಾಡಿ, ನಾನು ಮಾಡಿದ ಊಟದ ಮೇಲೆ ಸಿಟ್ಟು ತೋರಿಸಿ ಹೋದ್ಲು, ಎಷ್ಟು ಕೊಬ್ಬು ಅಂದ್ಕೊಂಡಿದ್ದೆ."

ಅಷ್ಟು ಹೇಳಿ ಒಳಗೆ ಹೋದಳು. ನನ್ನನ್ನು ಬಯ್ಯಲಿಲ್ಲ. ಬಯ್ಯುವುದು ಬಾಕಿ ಇದೆ ಎಂದು ಅವಳ ನಡಿಗೆಯೇ ಹೇಳಿತು. ಫೋನಿನಲ್ಲಿ ತಂಗಿಗೆ ಹೇಳಿದ್ದು ನನಗೂ ಕೇಳಿಸಿತು. ಮೆಷಿನ್ ತಗೊಂಡು ಬಾ, ಊಟ ಇಲ್ಲೇ ಎಂದಷ್ಟೇ.

ಕಾಲು ಗಂಟೆಯಲ್ಲಿ ಬಿಳಿ ವ್ಯಾನು ಬಂತು. ನಾದಿನಿ ಗಮ್ ಬೂಟು ಹಾಕಿಕೊಂಡು ಪಕ್ಕದ ಗೇಟಿನಿಂದ ಹಿತ್ತಲಿಗೆ ಬಂದು, ಡೆಕ್ಕಿನ ಮೆಟ್ಟಿಲ ಹತ್ತಿರ ನಿಂತುಬಿಟ್ಟಳು. ಕಾಲೊರಸು ಇಲ್ಲದ್ದನ್ನು ನೋಡಿದ ಕೂಡಲೇ ಅವಳಿಗೆ ಎಲ್ಲ ಅರ್ಥವಾಗಿತ್ತು. ಅಕ್ಕ ಮೆಟ್ಟಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಹನ್ನೊಂದು ವರ್ಷ ನಿನ್ನ ಮೇಲೆ ಸುಮ್ಮನೆ ಸಿಟ್ಟು ಸಾಕಿದ್ದೀನಿ ನಾನು. ಅಷ್ಟು ಸಿಟ್ಟು ಸಾಕೋದು ಸುಲಭ ಅಂದ್ಕೊಂಡ್ಯಾ?"

"ಎರಡು ದಿನಕ್ಕೆ ಹೋಗತ್ತೆ ಅಂದ್ಕೊಂಡೆ ಅಕ್ಕ. ನಂಗೆ ಎದ್ದು ಹೋಗೋಕೆ ನನ್ನ ಮನೆ ಇತ್ತು. ಭಾವಂಗೆ ಇದೇ ಮನೆ."

ನನ್ನ ಹೆಂಡತಿ ಇಳಿದು ಬಂದು ತಂಗಿಯನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು. ನಾನು ದೂರದಲ್ಲಿ, ಒಂದು ಗೇಣಿಗಿಂತ ಬಹಳ ದೂರದಲ್ಲಿ, ನೀರಿನ ಪೈಪು ಹಿಡಿದು ನಿಂತಿದ್ದೆ. ಆ ಹೊತ್ತಿನಲ್ಲಿ ನನ್ನ ಕಡೆ ಯಾರೂ ನೋಡದಿದ್ದದ್ದು ದೊಡ್ಡ ಉಪಕಾರ.

ಆಮೇಲೆ ಕೆಲಸ. ನನಗೆ ಸಿಕ್ಕಿದ್ದು ಹಳೇ ಸ್ಕ್ರೂಡ್ರೈವರ್ ಹಿಡಿದು ಹಲಗೆಗಳ ಸಂದಿಯ ಕಸ ಕೀಳುವುದು. ಮೊಣಕಾಲ ಮೇಲೆ ಕುಳಿತು ನಲವತ್ತು ಸಂದಿ. ಒಣಗಿದ ಎಲೆ, ಗುಂಡಿ, ಸೂಜಿ, ನನ್ನ ಮೂರು ಪೆನ್ನಿನ ಮುಚ್ಚಳ, ಕಳೆದು ಹೋಯಿತೆಂದು ಮನೆಯವರನ್ನೆಲ್ಲ ಸಂಶಯಪಟ್ಟಿದ್ದ ನನ್ನ ಕನ್ನಡಕದ ಒಂದು ಗಾಜು. ತಾನು ಕಳ್ಳ, ಪರರ ನಂಬ. ನಾದಿನಿ ಗಿಡಗಳಿಗೆಲ್ಲ ಮೊದಲು ಬರಿ ನೀರು ಹೊಡೆದು, ಸೋಪಿನ ನೀರನ್ನು ಹಲಗೆಗಳ ಮೇಲೆ ಹರಡಿ, ಹದಿನೈದು ನಿಮಿಷ ನೆನೆಯಲು ಬಿಟ್ಟಳು. ಮೆಟ್ಟಿಲ ಕೆಳಗೆ ಯಾರಿಗೂ ಕಾಣದ ಮೂಲೆಯಲ್ಲಿ ಒಂದು ಚೂರು ತೊಳೆದು ಪರೀಕ್ಷೆ ಮಾಡಿದಳು. ಆಮೇಲೆ ಬಿಳಿ ಮೂತಿ ಸಿಕ್ಕಿಸಿ, ಹಲಗೆಗೂ ಮೂತಿಗೂ ನಡುವೆ ಕೈ ಅಗಲಿಸಿ ಹಿಡಿದಳು. ಎಂದಿನ ಮಾತು ಬಾಯಿಂದ ಹೊರಡಲಿಲ್ಲ. "ಒಂದು ಗೇಣು," ಎಂದು ಅವಳ ಅಕ್ಕನೇ ಹೇಳಿದಳು.

ಯಂತ್ರ ಗುರ್ ಅಂದಿತು. ಅವಳು ನೀರನ್ನು ಹಲಗೆಯ ಮೇಲೆ ನೆಟ್ಟಗೆ ಬಿಡುವುದಿಲ್ಲ. ಆಚೆ ಗಾಳಿಯಲ್ಲಿ ಒತ್ತಿ, ಹಾಗೇ ಗುಡಿಸುವವಳ ಹಾಗೆ ಮರದ ಉದ್ದಕ್ಕೆ ತಂದು, ಇನ್ನೊಂದು ತುದಿಯಾಚೆ ಬಿಡುತ್ತಾಳೆ. ಎಲ್ಲೂ ನಿಲ್ಲುವುದಿಲ್ಲ. ಕಪ್ಪು ನೀರು ಸಂದಿಗಳಲ್ಲಿ ಇಳಿಯುತ್ತಿತ್ತು, ಅವಳ ಹಿಂದೆ ಹಲಗೆಗಳು ಒಂದೊಂದಾಗಿ ಕೆಂಚು ಬಣ್ಣಕ್ಕೆ ಬರುತ್ತಿದ್ದವು. ಮಧ್ಯಾಹ್ನ ದಾಟುವಷ್ಟರಲ್ಲಿ ಹಿತ್ತಲೆಲ್ಲ ಒದ್ದೆ ಮರದ ವಾಸನೆ. ಮಾವನವರ ಅಂಗಿಗೆ ಬರುತ್ತಿದ್ದದ್ದು ಅದೇ ವಾಸನೆ. ನನ್ನ ಹೆಂಡತಿ ಕೈಯಲ್ಲಿದ್ದ ಬ್ರಶ್ಶು ಬಿಟ್ಟು ಒಂದು ನಿಮಿಷ ಸುಮ್ಮನೆ ಉಸಿರೆಳೆದುಕೊಂಡಳು. ನಾದಿನಿ ಗಮ್ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಅಪ್ಪನ ಹಲಗೆಗಳ ಮೇಲೆ ಈ ತುದಿಯಿಂದ ಆ ತುದಿಯವರೆಗೆ ನಡೆದಳು. ಅಷ್ಟು ವರ್ಷದಲ್ಲಿ ಅವಳು ಬೂಟು ಬಿಚ್ಚಿದ ಡೆಕ್ಕು ಇದೊಂದೇ ಇರಬೇಕು.

ನಲವತ್ತು ಹಲಗೆ ಮುಗಿದಿತ್ತು. ಒಂದು ಉಳಿದಿತ್ತು, ಗೆರೆಯ ಹಲಗೆ. ಕಾಲೊರಸಿನ ಜಾಗವೊಂದನ್ನು ಬಿಟ್ಟರೆ ಬಾಗಿಲ ಎದುರೇ ಕಪ್ಪಗೆ ಮಲಗಿತ್ತು.

"ಇದು ಸಾಕ್ಷಿ ಹಲಗೆ," ಅಂದಳು ನಾದಿನಿ ನನ್ನ ಕಡೆ ನೋಡಿ. "ಮನೆಯವರು ನೋಡಿ ಒಪ್ಕೋಬೇಕು."

ಒಪ್ಪಿಕೊಂಡೆ, ಎರಡನೇ ಸಲ. ಅದಕ್ಕೂ ನೀರು ಬಿತ್ತು. ಕಪ್ಪು ಹೋದ ಮೇಲೆ ಗೆರೆ ಇನ್ನೂ ಚೆನ್ನಾಗಿ ಎದ್ದು ಕಂಡಿತು. ಆಗ ನನ್ನ ಹೆಂಡತಿ ಒಳಗಿನಿಂದ ಅಪ್ಪನ ಪೆಟ್ಟಿಗೆ ತಂದಳು. ಬಡಗಿಯ ಮಗಳಲ್ಲವೇ, ಹಲಗೆಗೆ ಎರಡು ಮೈ ಇರುತ್ತದೆ, ಬಿಚ್ಚಿ ಮಗುಚಿ ಹಾಕಿದರೆ ಮುಗಿಯಿತು, ಅಪ್ಪನ ಕೆಲಸ ಅಪ್ಪ ಮಾಡಿದ ಹಾಗೇ ಕಾಣುತ್ತದೆ ಅಂದಳು. ಇಷ್ಟು ವರ್ಷ ಇದು ಯಾರಿಗೂ ಹೊಳೆಯಲಿಲ್ಲವೇ ಎಂದರೆ, ಕಾಲೊರಸು ಎತ್ತಿ ನೋಡುವ ಧೈರ್ಯ ಯಾರಿಗಿತ್ತು? ನಾನು ಸ್ಕ್ರೂಡ್ರೈವರಿಗೆ ಕೈ ಚಾಚಿದೆ. ಇಬ್ಬರೂ ಒಟ್ಟಿಗೆ ಬೇಡ ಅಂದರು.

ಎಂಟು ಸ್ಕ್ರೂ. ತುಕ್ಕು ಹಿಡಿದಿದ್ದರೂ ಬಂದವು. ಅಕ್ಕ ಒಂದು ತುದಿ, ತಂಗಿ ಒಂದು ತುದಿ ಹಿಡಿದು ಹಲಗೆಯನ್ನು ಎತ್ತಿ ಮಗುಚಿದರು. ಮಗುಚಿದವರು ಹಾಗೇ ನಿಂತರು.

ಹಲಗೆಯ ಕೆಳಮೈಯಲ್ಲಿ, ಒಂದು ತುದಿಯಿಂದ ಹೆಚ್ಚುಕಡಿಮೆ ನಡುವಿನವರೆಗೆ, ಗರಗಸ ದಾರಿ ತಪ್ಪಿ ಓರೆಯಾಗಿ ಹರಿದ ಗೆರೆ. ನನ್ನದಕ್ಕಿಂತ ಉದ್ದ, ನನ್ನದಕ್ಕಿಂತ ಆಳ. ಮರದ ಪುಡಿಗೆ ಅಂಟು ಕಲಸಿ ಅದನ್ನು ತುಂಬಲು ನೋಡಿದ್ದರು, ತುಂಬಿದ್ದು ಬಿರುಕು ಬಿಟ್ಟಿತ್ತು. ಪಕ್ಕದಲ್ಲಿ ಅವರದೇ ದಪ್ಪ ಪೆನ್ಸಿಲಿನಲ್ಲಿ ಒಂದು ಬಾಣದ ಗುರುತು, ಅದರ ಮುಂದೆ ಅವರದೇ ಅಕ್ಷರದಲ್ಲಿ ಒಂದೇ ಮಾತು: ಕೆಳಗೆ.

ಮೊದಲು ನಕ್ಕವಳು ನನ್ನ ಹೆಂಡತಿ. ಅಪ್ಪನ ಕೈ ದೇವರ ಕೈ ಅನ್ನುತ್ತಿದ್ದವಳು ಹಲಗೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತು ಕಣ್ಣೀರು ಬರುವವರೆಗೆ ನಕ್ಕಳು.

"ಕೆಟ್ಟ ಹಲಗೆ ಒಂದೂ ಇಲ್ಲ ಅಂತಿದ್ದರಲ್ಲ," ಅಂದಳು ಉಸಿರು ಸಿಕ್ಕಿದ ಮೇಲೆ. "ಎಲ್ಲ ಮಗುಚಿ ಹಾಕಿದ್ದಾರೆ ಮಾರಾಯ್ತಿ."

ಉಳಿದ ನಲವತ್ತನ್ನೂ ಬಿಚ್ಚಿ ನೋಡೋಣವೇ ಎಂದು ನಾನು ಕೇಳಿದೆ. ಕೇಳಬಾರದಿತ್ತು. ಕರಡು ತಿದ್ದುವವನ ಚಟ. ನಾದಿನಿ ಬೇಡ ಭಾವ, ಇರಲಿ ಬಿಡಿ, ಪಾಪ ಅಂದಳು. ನನಗೆ ಮಾತ್ರ ಮಾವನವರ ಮೇಲೆ ಜೀವನದಲ್ಲಿ ಮೊದಲ ಸಲ ಅಕ್ಕರೆ ಉಕ್ಕಿತು. ಈ ಮನುಷ್ಯ ನನ್ನ ಜಾತಿಯವನೇ ಎಂದು ಮೊದಲೇ ಗೊತ್ತಾಗಿದ್ದರೆ ಎಷ್ಟು ಸಂಜೆಗಳನ್ನು ಚೆನ್ನಾಗಿ ಕಳೆಯಬಹುದಿತ್ತು.

ಈಗ ಪ್ರಶ್ನೆ, ಯಾವ ಮೈ ಮೇಲೆ? ಒಂದು ಕಡೆ ಅಪ್ಪನ ಗೆರೆ, ಒಂದು ಕಡೆ ಅಳಿಯನ ಗೆರೆ. ಒಣಗಿದ ಮೇಲೆ ಮೇಣ ತುಂಬಿ, ಸ್ಯಾಂಡ್ ಪೇಪರ್ ಉಜ್ಜಿದರೆ ಯಾವುದಾದರೂ ಒಂದು ಸುಮಾರಾಗಿ ಮರೆಯಾಗುತ್ತದೆ ಅಂದಳು ನಾದಿನಿ. ಅವಳ ಅಕ್ಕ ತಲೆಯಾಡಿಸಿದಳು.

"ಅಪ್ಪ ಮುಚ್ಚಿಟ್ಟಿದ್ದನ್ನ ನಾವು ಬಿಚ್ಚೋದು ಬೇಡ. ಅವರಿಲ್ಲ, ಉತ್ತರ ಹೇಳೋಕಾಗಲ್ಲ. ಇವರಿದ್ದಾರೆ." ನನ್ನ ಕಡೆ ತಿರುಗಿದಳು. "ನಿಮ್ಮದೇ ಮೇಲಿರಲಿ. ಮೇಣ ಬೇಡ, ಕಾಲೊರಸೂ ಬೇಡ. ಬಂದವರು ಇದೇನು ಅಂತ ಕೇಳಿದ್ರೆ ನೀವೇ ಹೇಳಬೇಕು. ಪೂರ್ತಿ ಹೇಳಬೇಕು."

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಒಪ್ಪಿದೆ. ಹಲಗೆ ಇದ್ದ ಹಾಗೇ ಹೋಗಿ ಕುಳಿತಿತು, ಎಂಟು ಹೊಸ ಸ್ಕ್ರೂ ಬಿದ್ದವು. ಅವತ್ತು ಮೂವರೂ ಊಟಕ್ಕೆ ಒಟ್ಟಿಗೆ ಕುಳಿತೆವು. ನಾದಿನಿಯ ತಟ್ಟೆಯಲ್ಲಿ ಒಂದಗುಳೂ ಉಳಿಯಲಿಲ್ಲ. ಅವಳಕ್ಕ ಅದನ್ನು ಎರಡು ಸಲ ನೋಡಿದಳು.

ಸೋಮವಾರ ಮೇಸ್ತ್ರಿ ಅಳತೆ ಟೇಪು ಹಿಡಿದು ಬಂದ. ಡೆಕ್ಕು ನೋಡಿ, ಇದನ್ನು ಕಿತ್ತುಹಾಕಲು ತಲೆ ಕೆಟ್ಟಿದೆಯೇ ಎಂದು ನಮ್ಮನ್ನೇ ಕೇಳಿದ. ಕೆಲಸವಿಲ್ಲ, ಟೀ ಕುಡಿದು ಹೋಗಿ ಎಂದು ಹೆಂಡತಿ ಕೂರಿಸಿದಳು. ಹಲಗೆ ಇನ್ನೂ ತೇವವಿತ್ತು, ಎಣ್ಣೆ ಬಳಿಯಲು ಎರಡು ದಿನ ಬೇಕಿತ್ತು, ಆದರೂ ಕುರ್ಚಿ ಹಾಕಿದೆವು. ನಾದಿನಿಯೂ ಬಂದಿದ್ದಳು, ಡೆಕ್ಕಿನ ಮೇಲೆ ಹಿಂಬಾಗಿಲಿಗೆ ಬೆನ್ನು ಹಾಕಿ, ಹೊರಗೆ ಮುಖ ಮಾಡಿ ಕುಳಿತಿದ್ದಳು. ಮೇಸ್ತ್ರಿ ಟೀ ಹೀರುತ್ತ ಕಾಲಿನ ಹೆಬ್ಬೆರಳಿಂದ ಗೆರೆಯನ್ನು ಸವರಿ, ಇಷ್ಟು ಒಳ್ಳೆ ಹಲಗೆಗೆ ಇದೇನು ಎಂದು ಕೇಳಿದ.

ಮೂವತ್ತೆರಡು ವರ್ಷ ಕರಡು ತಿದ್ದಿದವನು ನಾನು, ಮಾತು ಹೇಗೆ ಜೋಡಿಸಬೇಕೆಂದು ನನಗೆ ಗೊತ್ತು. ಗಂಟಲು ಸರಿಮಾಡಿಕೊಂಡು, ಅದು ಹಳೇ ಕಥೆ, ಹನ್ನೊಂದು ವರ್ಷದ ಹಿಂದೆ ಇಲ್ಲಿ ತೊಳೆಯುತ್ತಿದ್ದಾಗ ನನ್ನ ಕೈ ಸ್ವಲ್ಪ ಜಾರಿ, ಎಂದು ಶುರು ಮಾಡಿದೆ.

"ಜಾರಲಿಲ್ಲ ಭಾವ," ಅಂದಳು ನಾದಿನಿ, ಲೋಟದಿಂದ ತಲೆಯೆತ್ತದೆ. "ಒತ್ತಿದ್ರಿ."

"ಮೊದಲಿಂದ ಹೇಳಿ," ಅಂದಳು ನನ್ನ ಹೆಂಡತಿ.